ಕಾಶ್ಯಪ ಗೋತ್ರದ ಹೂ

ಬದುಕಿಡೀ ಹೆಸರು ಹುಡುಕಿಕೊಂಡು ತಿರುಗಿದ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹಾಗಂತ ಯಾರೂ ನನ್ನಿಂದ ಆಣೆ ಹಾಕಿಸಿಕೊಂಡಿಲ್ಲ. ಗಿಡದ ಹೆಸರಿನ ಬಾಲಕ್ಕೆ ಅದನ್ನು ಕಂಡುಹಿಡಿದವನ ಹೆಸರು ಕಟ್ಟುವ ಪದ್ಧತಿ ಉಂಟಲ್ಲ, ಅದು ಅವರಿಗೆ ಹಿಡಿಸುತ್ತಿರಲಿಲ್ಲ, ಅಷ್ಟೆ. "ಗಿಡ ಅದರ ಪಾಡಿಗೆ ಅದಿತ್ತು, ಇವ ಹೋಗಿ ನೋಡಿದ. ನೋಡಿದ್ದಕ್ಕೆಲ್ಲ ಹೆಸರು ಹಾಕಿಸ್ಕೊಳ್ಳೋದಾ ಮಾರಾಯ್ರೆ?" ಎನ್ನುತ್ತಿದ್ದರು. ಅಂಥವರನ್ನು ಅಚ್ಚಿನಲ್ಲಿ ಹೆಸರು ಹಿಡಿದು ಕರೆಯಲು ನನಗೆ ಕೈ ಬರುತ್ತಿಲ್ಲ. ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ಹೊಸನಗರದ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ, ಅವರು ಸೈನ್ಸ್ ಮೇಷ್ಟ್ರು. ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ಹುಲ್ಲು ಮೇಷ್ಟ್ರು. ಉದ್ದಕ್ಕೆ ಬೆಳೆದ ಆಳು, ಮಾಸಿದ ಬಿಳಿ ಪ್ಯಾಂಟು, ಕಂಕುಳಲ್ಲಿ ಕೊಡೆ. ಜನಿವಾರಕ್ಕೆ ಬೀಗದ ಕೈ ಕಟ್ಟಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಈ ಮಹಾರಾಯರು ಭೂತಗನ್ನಡಿ ಕಟ್ಟಿಕೊಂಡಿದ್ದರು. ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ಕೂತು, ಅಂಗಿಯ ಕೊರಳಿಗೆ ಕೈ ಹಾಕಿ ಜನಿವಾರವನ್ನೇ ಹೊರಗೆಳೆದು ಒಂದು ಕಸದ ಗಿಡಕ್ಕೆ ಕಣ್ಣು ಹಚ್ಚುತ್ತಿದ್ದರು. ಹೊಸಬರು ನೋಡಿದರೆ ಇವರಿಗೇನೋ ಆಗಿದೆ ಅಂದುಕೊಳ್ಳಬೇಕು, ಹಾಗಿರುತ್ತಿತ್ತು ಆ ಭಂಗಿ.

ಒಣಗಿದ ಹೂವನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದು ಮತ್ತೆ ಬಿಚ್ಚಿಕೊಳ್ಳುತ್ತದಂತೆ. ಅದಕ್ಕೆ ಮೇಷ್ಟ್ರು ಟೀಚರ್ಸ್ ರೂಮಿನಲ್ಲಿ ಕಾಫಿ ಲೋಟವನ್ನೇ ಬಳಸುತ್ತಿದ್ದರು. ಒಂದು ದಿನ ಮೂರನೇ ಪೀರಿಯಡ್ ಮುಗಿಸಿ ಗಂಟಲೊಣಗಿ ಬಂದವನು ಮೇಜಿನ ಮೇಲಿದ್ದ ಲೋಟವನ್ನು ಗಟಗಟ ಎತ್ತಿಬಿಟ್ಟೆ. ಕಷಾಯದ ಹಾಗಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಲೋಟದ ತಳಕ್ಕೆ ಇಣುಕಿ, ಹೂ ಉಳಿದಿರುವುದನ್ನು ಖಾತ್ರಿ ಮಾಡಿಕೊಂಡು, "ತೊಂದ್ರೆ ಇಲ್ಲ ಪಂಡಿತ್ರೇ, ಇದು ತುಂಬೆ ಜಾತಿದು" ಎಂದರು. ನಾನು ಸತ್ತರೂ ತೊಂದರೆ ಇರಲಿಲ್ಲವೇನೋ.

ನಮ್ಮ ಕಡೆ ಹೊಸಬರು ಸಿಕ್ಕಿದರೆ ಹೆಸರು ಕೇಳುವುದಿಲ್ಲ. ಯಾವೂರು, ಯಾರ ಮನೆ ಎಂದು ಕೇಳುತ್ತೇವೆ. ಮನೆ ಗೊತ್ತಾದರೆ ಹೆಸರು ಮಾತಿನ ನಡುವೆ ತಾನಾಗಿ ಬರುತ್ತದೆ. ಮೇಷ್ಟ್ರು ಸಸ್ಯಶಾಸ್ತ್ರ ಕಲಿಸುತ್ತಿದ್ದುದೂ ಹೀಗೆಯೇ. ಒಂದು ಗಿಡವನ್ನು ಮೇಜಿನ ಮೇಲಿಟ್ಟು, "ಇವ ಯಾರ ಮನೆಯವ ಹೇಳಿ ನೋಡುವ" ಎನ್ನುತ್ತಿದ್ದರು. ಹುಡುಗರು ಎಲೆ ಹಿಂಡಿ, ಮೂಸಿ, ಹೂ ಬಿಡಿಸಿ, "ತುಳಸಿ ಮನೆಯವ ಸಾರ್" ಎಂದು ಕೂಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ನಡುಗನ್ನಡದ ಷಟ್ಪದಿ ಹಿಡಿದು ಒದ್ದಾಡುತ್ತಿದ್ದರೆ ನನ್ನ ಹುಡುಗರ ಕಿವಿಯೆಲ್ಲ ಆ ಕಡೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಿಡಗಳ ಶಾಸ್ತ್ರೀಯ ಹೆಸರಿನಲ್ಲಿ ಎರಡು ತುಂಡಿರುತ್ತದೆ. ಮೇಷ್ಟ್ರ ಪ್ರಕಾರ ಮೊದಲನೆಯದು ಗೋತ್ರ, ಎರಡನೆಯದು ಹೆಸರು. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಭಟ್ಟರು ಗೋತ್ರ ಕೇಳುತ್ತಾರಲ್ಲ. ಗೊತ್ತಿಲ್ಲ ಎಂದವರಿಗೆ ಕಾಶ್ಯಪ ಗೋತ್ರ ಎಂದು ಹಾಕಿ ಮುಗಿಸುತ್ತಾರೆ. ಎಲ್ಲರಿಗೂ ಮೂಲಪುರುಷ ಕಶ್ಯಪ ತಾನೆ, ಯಾರಿಗೂ ನಷ್ಟವಿಲ್ಲ. ಮೇಷ್ಟ್ರೂ ಗುರುತು ಸಿಗದ ಗಿಡಗಳನ್ನು ಹಳೇ ಪೇಪರಿನಲ್ಲಿ ಒತ್ತಿಟ್ಟು, "ಇವೆಲ್ಲ ಸದ್ಯಕ್ಕೆ ಕಾಶ್ಯಪ ಗೋತ್ರದವು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಈ ಕಾಶ್ಯಪರಲ್ಲಿ ಒಂದು ಮಾತ್ರ ಅವರ ನಿದ್ದೆ ಕೆಡಿಸಿತ್ತು. ಊರಿನಿಂದ ಒಂದು ತಾಸಿನ ನಡಿಗೆಯಲ್ಲಿ, ಶರಾವತಿಯ ಕಡೆಗಿನ ತಗ್ಗಿನಲ್ಲಿ, ಒಂದು ದೊಡ್ಡ ಬ್ಯಾಣವಿತ್ತು. ಬ್ಯಾಣವೆಂದರೆ ದನ ಮೇಯುವ ಹುಲ್ಲುಗಾವಲು. ಅಡಿಯಲ್ಲಿ ಜಂಬಿಟ್ಟಿಗೆಯ ಕೆಂಪು ಕಲ್ಲುಹಾಸು, ಮೇಲೆ ಗೇಣು ಮಣ್ಣು. ಮಳೆ ನಿಂತ ಮೇಲೂ ನೀರು ಇಂಗದೆ ಕಾಲಿಟ್ಟಲ್ಲೆಲ್ಲ ಪಿಚಿಕ್ ಎನ್ನುತ್ತಿತ್ತು. ಅಲ್ಲಿ ಹುಲ್ಲಿನಂಥದೇ ಒಂದು ಗಿಡ. ಕತ್ತಿಯ ಹಾಗೆ ಚಪ್ಪಟೆ ಎಲೆ, ನೆಟ್ಟಗೆ ನಿಂತ ಬರಿಯ ದಂಟು, ದಂಟಿನ ತುದಿಗೆ ಅಂಗಿಯ ಗುಂಡಿಯಂಥ ಕಂದು ತಲೆ, ಪೊರೆಯ ಮೇಲೆ ಪೊರೆ. ಒಮ್ಮೊಮ್ಮೆ ಪೊರೆಗಳ ಸಂದಿಯಲ್ಲಿ ಹಳದಿಯ ಒಂದು ಮುದುಡಿದ ಎಳೆ ಸಿಗುತ್ತಿತ್ತು. ಮುಟ್ಟಿದರೆ ಲೋಳೆ. ಅಂದರೆ ಹಳದಿ ಹೂ ಬಿಡುತ್ತದೆ. ಯಾವಾಗ ಬಿಡುತ್ತದೆ? ಮೇಷ್ಟ್ರು ಬೆಳಗಾಗುತ್ತಲೇ ಹೋಗಿ ಶಾಲೆಗೆ ಹೊತ್ತಾಗದಂತೆ ಓಡಿ ಬಂದರು, ಕಂಡದ್ದು ಬರೀ ಆ ಕಂದು ಗುಂಡಿ. ಶಾಲೆ ಬಿಟ್ಟ ಮೇಲೆ ಹೋಗಿ ಕತ್ತಲಾಗುವವರೆಗೆ ಕೂತರು, ಆಗಲೂ ಗುಂಡಿ. ಭಾನುವಾರ ಹೋಗೋಣವೆಂದರೆ ಎಸ್ಸೆಸ್ಸೆಲ್ಸಿ ಹುಡುಗರಿಗೆ ಪುಕ್ಕಟೆ ಪಾಠ. ಹಳ್ಳಿಗಳಿಂದ ನಡೆದು ಬರುವವರನ್ನು ಬರಬೇಡಿ ಎನ್ನುವುದು ಹೇಗೆ? ದಸರಾ ರಜೆಯಲ್ಲಿ ತೀರ್ಥಹಳ್ಳಿಗೆ ಹೋಗಿಬಿಡುತ್ತಿದ್ದರು. ಅಲ್ಲಿನ ಒಂದು ಮಠ ಅವರನ್ನು ಓದಿಸಿತ್ತು, ನವರಾತ್ರಿಯ ಕೆಲಸಕ್ಕೆ ಅವರು ತಪ್ಪುತ್ತಿರಲಿಲ್ಲ. ಆ ಗುಂಡಿಗಳನ್ನೇ ಒಣಗಿಸಿ ದೂರದ ಯಾವುದೋ ದೊಡ್ಡ ಸಸ್ಯಸಂಗ್ರಹಕ್ಕೆ ಕಳಿಸಿ ನೋಡಿದರು. ಹೂ ಇಲ್ಲದೆ ಖಚಿತವಾಗಿ ಹೇಳಲಾಗದು ಎಂದು ಉತ್ತರ ಬಂತು.

ಇಷ್ಟಾದರೆ ವರ್ಷ ವರ್ಷ ಕಾಯಬಹುದಿತ್ತು. ಆದರೆ ಆ ವರ್ಷಗಳಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿತ್ತು. ನಮ್ಮ ತಾಲ್ಲೂಕಿನ ತಗ್ಗಿನ ಊರುಗಳಿಗೆಲ್ಲ ಮುಳುಗಡೆಯ ಗುರುತಿನ ಕಲ್ಲು ನೆಟ್ಟಾಗಿತ್ತು. ಜನ ಬಾಗಿಲು ದಾರಂದ ಕಿತ್ತು ಲಾರಿಗೆ ಹೇರಿಕೊಂಡು ಸಾಗರದ ಆಚೆಗೆ, ಶಿವಮೊಗ್ಗದ ಕಡೆಗೆ ಹೊರಟಿದ್ದರು. ಬರುವ ಮಳೆಗಾಲಕ್ಕೆ ಬ್ಯಾಣ ನೀರೊಳಗೆ ಎಂದು ಅಣೆಕಟ್ಟಿನ ಕೆಲಸದ ಕಾರ್ಗಲ್ಲಿನಿಂದ ಬಂದ ಓವರ್‌ಸಿಯರ್ ಒಬ್ಬರು ಹೋಟೆಲಿನಲ್ಲಿ ಕೂತು ಹೇಳಿದರು. ಆ ಹಳದಿ ಹೂವನ್ನು ನೋಡಲು ಉಳಿದದ್ದು ಅದೊಂದೇ ಹಂಗಾಮು.

ಊರೆಲ್ಲ ಒಂದು ಅಂದಾಜು ಮಾಡಿಕೊಂಡಿತ್ತು. ಮೇಷ್ಟ್ರಿಗೆ ಹೊಸ ಗಿಡ ಸಿಕ್ಕಿದೆ, ಅದು ಹೊಸದೆಂದು ಸಾಬೀತಾದರೆ ಪೇಪರಿನಲ್ಲಿ ಬರುತ್ತಾರೆ, ದೊಡ್ಡ ಕಾಲೇಜಿನವರು ಕರೆಸಿಕೊಳ್ಳುತ್ತಾರೆ ಎಂದು. ನನ್ನ ಅಂದಾಜೂ ಅದೇ. ಒಮ್ಮೆ ನೇರವಾಗಿ ಕೇಳಿಯೂಬಿಟ್ಟೆ: ಇಷ್ಟು ಸಂಸಾರಗಳು ಎದ್ದು ಹೋಗುತ್ತಿರುವಾಗ ನಿಮಗೊಂದು ಹುಲ್ಲಿನ ಚಿಂತೆಯೇ ಎಂದು. ಅವರಿಗೆ ಸಿಟ್ಟು ಬರಲಿಲ್ಲ.

"ಸಂಸಾರಗಳಿಗೆ ಹೆಸರಿದೆ ಪಂಡಿತ್ರೇ. ಎಲ್ಲಿಗೆ ಹೋದ್ರೂ ಇಂಥವರ ಮನೆಯವರು ಅಂತ ಹೇಳ್ಕೊಳ್ತಾರೆ. ಹೆಸರೇ ಗೊತ್ತಿಲ್ಲದ್ದನ್ನ ಮುಳುಗಿಸಬಾರ್ದು. ತರ್ಪಣ ಬಿಡೋಕಾದ್ರೂ ಗೋತ್ರ, ಹೆಸರು ಬೇಕಲ್ಲ?"

 

ಆ ವರ್ಷ ದಸರಾ ಮುಗಿದು ಶಾಲೆ ತೆರೆದಿತ್ತು. ಒಂದು ಸೋಮವಾರ ನಾನು ಸಾಗರದ ಮಾವನ ಮನೆಯಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸಿಗೆ ಏನು ಕೇಡು ಬಂದಿತ್ತೋ, ಊರು ಸಮೀಪಿಸಿದಾಗ ಟೈರು ಪಂಕ್ಚರ್. ಹತ್ತು ಗಂಟೆ ದಾಟಿತ್ತು. ಹೆಡ್‌ಮಾಸ್ಟರ ಮುಖ ನೆನೆದು ನನಗೆ ಬೆವರು. ಇಳಿದು, ಹೀಗೇ ಬೇರೊಂದು ಕಾರ್ಯಕ್ಕೆಂದು ಪೊದೆಯ ಮರೆಗೆ ಹೋದವನು ಕೆಳಗೆ ನೋಡುತ್ತೇನೆ, ತಗ್ಗಿನ ಬ್ಯಾಣಕ್ಕೆ ಬ್ಯಾಣವೇ ಹಳದಿ. ಚೆನ್ನಾಗಿದೆ ಅಂದುಕೊಂಡೆ, ಬಂದೆ. ಹೆಡ್‌ಮಾಸ್ಟರ ಬೈಗುಳ ತಿಂದು ಟೀಚರ್ಸ್ ರೂಮಿನಲ್ಲಿ ಕೂತಾಗ, ನಿಮ್ಮ ಬ್ಯಾಣದಲ್ಲಿ ಹೂ ಬಂದಿದೆಯಲ್ಲ ಮೇಷ್ಟ್ರೇ ಎಂದೆ, ಮಳೆ ಬಂತಲ್ಲ ಎನ್ನುವ ಹಾಗೆ.

ಅವರ ಕೈಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಸಂಜೆ ಶಾಲೆ ಬಿಟ್ಟದ್ದೇ ಓಡಿದರಂತೆ. ಮರುದಿನ ನನ್ನೆದುರು ಬಂದು ನಿಂತರು. ಪ್ಯಾಂಟಿಗೆ ಮೊಣಕಾಲಿನವರೆಗೆ ಹಿಂದಿನ ದಿನದ ಕೆಸರು.

"ಹೂ ಇಲ್ಲ ಪಂಡಿತ್ರೇ. ಅದೇ ಗುಂಡಿ."

ನನಗೆ ಪಿತ್ತ ನೆತ್ತಿಗೇರಿತು. ನಾನು ಕಾವ್ಯ ಪಾಠ ಮಾಡುವವನು ನಿಜ, ಹಾಗಂತ ಕಣ್ಣಾರೆ ಕಂಡದ್ದರಲ್ಲೂ ಉಪ್ಪು ಖಾರ ಹಚ್ಚುತ್ತೇನೆಯೇ? ಹತ್ತೂಕಾಲಿಗೆ ನೋಡಿದ್ದೇನೆ, ಬೇಕಾದರೆ ಬಸ್ಸಿನ ಕಂಡಕ್ಟರನ್ನು ಕೇಳಿ ಎಂದು ರೇಗಿದೆ. ಮೇಷ್ಟ್ರು ಗೋಡೆಯ ಮೇಲೆ ಅಂಟಿಸಿದ್ದ ಟೈಂಟೇಬಲ್ಲನ್ನು ನೋಡಿದರು. ಮೊದಲ ಗಂಟೆ ಹತ್ತೂವರೆಗೆ. ಅದನ್ನೇ ನೋಡುತ್ತಾ ನೋಡುತ್ತಾ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಆ ಹೂ ಶಾಲೆ ಕೂಡುವ ಹೊತ್ತಿಗೆ ಅರಳಿ, ಶಾಲೆ ಬಿಡುವುದರೊಳಗೆ ಮುದುಡುತ್ತಿತ್ತು. ಒಂದು ದಿನವೂ ಪಾಠ ತಪ್ಪಿಸದ ಮೇಷ್ಟ್ರಿಗೆ ಮಾತ್ರ ಅದು ಕಾಣುವ ಹಾಗಿರಲಿಲ್ಲ.

ಸರ್ವೀಸಿಗೆ ಸೇರಿದ ಮೇಲೆ ಅವರು ಕೇಳಿದ ಮೊದಲ ರಜೆ ಅದು. ಹೆಡ್‌ಮಾಸ್ಟರು ಗಾಬರಿಯಾಗಿ ಏನು ಕಾಯಿಲೆ ಎಂದರು. ಕಾಯಿಲೆ ಇಲ್ಲ, ಹೂ ನೋಡಬೇಕು ಎಂದರು ಇವರು. ಜ್ವರ ಅನ್ನಿ ಸಾಕು, ಹೂವಿಗೆ ರಜೆ ಕೊಟ್ಟೆ ಅಂದರೆ ಇನ್‌ಸ್ಪೆಕ್ಟರು ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ ಎಂದು ಹೆಡ್‌ಮಾಸ್ಟರು ಬೇಡಿಕೊಂಡರು. ಭಾನುವಾರ ಹೋಗಬಾರದೇ ಎಂದೂ ಕೇಳಿದರು. ನೆಲ ಒಣಗುತ್ತಾ ಬಂದಿದೆ, ಭಾನುವಾರದವರೆಗೆ ಕಾಯುತ್ತೇನೆ ಅಂತ ಹೂ ಮಾತು ಕೊಟ್ಟಿಲ್ಲ ಎಂದರು ಮೇಷ್ಟ್ರು. ಜ್ವರ ಅನ್ನಲು ಮಾತ್ರ ಒಪ್ಪಲಿಲ್ಲ. ಕೊನೆಗೆ ಹೆಡ್‌ಮಾಸ್ಟರೇ ಸೋತು, ವಿಜ್ಞಾನದ ಪಾಠ ತಾವೇ ಮಾಡುವುದಾಗಿ ಹೇಳಿ, ನನ್ನ ಕಡೆ ತಿರುಗಿದರು: "ಪಂಡಿತರೇ, ನೀವೂ ಜೊತೆಗೆ ಹೋಗಿ. ಈ ಮನುಷ್ಯ ಕೆಸರಲ್ಲಿ ಹೂತುಹೋದರೆ ನನಗೆ ಇನ್ನೊಬ್ಬ ಸೈನ್ಸ್ ಮೇಷ್ಟ್ರು ಸಿಗೋದಿಲ್ಲ."

ಬುಧವಾರ ಒಂಬತ್ತಕ್ಕೇ ಬ್ಯಾಣದಲ್ಲಿದ್ದೆವು. ನೋಡಿದಷ್ಟು ದೂರ ಕಂದು ಗುಂಡಿಗಳು. ನಾನು ಪಂಚೆ ಎತ್ತಿ ಕಟ್ಟಿ, ಹಾವಿಗೆ ಹೆದರಿ, ಒಂದು ಜಂಬಿಟ್ಟಿಗೆ ದಿಬ್ಬದ ಮೇಲೆ ಕೂತು ಅವಲಕ್ಕಿ ಗಂಟು ಬಿಚ್ಚಿದೆ. ಮೇಷ್ಟ್ರು ತಿನ್ನಲಿಲ್ಲ, ಕೂರಲೂ ಇಲ್ಲ. ಬಿಸಿಲು ನಿಧಾನವಾಗಿ ಇಳಿಜಾರಿನಿಂದ ತಗ್ಗಿಗೆ ಬಂತು. ನನ್ನ ಕಾಲಿನ ಹತ್ತಿರದ ಒಂದು ಗುಂಡಿಯ ಪೊರೆಯ ಸಂದಿಯಿಂದ ಹಳದಿ ತುದಿಯೊಂದು ಹೊರಬಂದಿತ್ತು. ನಾನು ಒಂದು ಮುಷ್ಟಿ ಅವಲಕ್ಕಿ ಬಾಯಿಗೆ ಹಾಕಿ ಅಗಿದು ನುಂಗಿ ಮತ್ತೆ ನೋಡುವುದರೊಳಗೆ ಅದು ಮೂರು ದಳದ ಹೂ. ಪಕ್ಕದ್ದು ಇನ್ನೊಂದು. ಅದರಾಚೆ ಹತ್ತು. ತಲೆ ಎತ್ತಿದೆ. ಬಿಸಿಲು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಬ್ಯಾಣ ಹಳದಿಯಾಗಿತ್ತು. ಬಿಸಿಲು ಮುಂದೆ ಹೋದಂತೆ ಹಳದಿಯೂ ಮುಂದೆ ಹೋಗುತ್ತಿತ್ತು. ಸದ್ದಿಲ್ಲ, ಗಾಳಿಯೂ ಇಲ್ಲ.  ನಲವತ್ತು ದಾಟಿದ ಸಂಸಾರಸ್ಥ, ಅವಲಕ್ಕಿ ತುಂಬಿದ ಕೈ ಹಾಗೇ ಮೇಲಿಟ್ಟುಕೊಂಡು ಕೂತಿದ್ದೆ. ಎಷ್ಟು ಕಾವ್ಯಗಳ ಎಷ್ಟು ವರ್ಣನೆಗಳನ್ನು ಬಾಯಿಪಾಠ ಒಪ್ಪಿಸಿದ್ದೇನೆ, ಒಂದೂ ನೆನಪಾಗಲಿಲ್ಲ. ನೆನಪಾಗದಿದ್ದದ್ದೇ ಒಳ್ಳೆಯದಾಯಿತು.

"ಸಮಯ ಇಲ್ಲ ಪಂಡಿತ್ರೇ" ಎಂದರು ಮೇಷ್ಟ್ರು, ಆಗಲೇ ಕೆಸರಿನಲ್ಲಿ ಮೊಣಕಾಲೂರಿ. "ಬೆರಗಾಗೋದು ಆಮೇಲೆ. ಪುಸ್ತಕ ತೆಗೀರಿ, ನೀವು ಓದಿ. ನಾನು ನೋಡ್ತೀನಿ."

ಸಮಯ ಇರಲಿಲ್ಲ ಎಂಬುದು ನಿಜ. ಕಿತ್ತ ಹೂ ಬೆರಳ ಮೇಲೆಯೇ ಕರಗಿ ಲೋಳೆಯಾಗುತ್ತಿತ್ತು. ಮನೆಗೆ ಒಯ್ಯುವ ಮಾತೇ ಇಲ್ಲ. ಇದ್ದಲ್ಲೇ, ಗಿಡದ ಮೇಲೇ, ಮಧ್ಯಾಹ್ನದೊಳಗೆ ಗುರುತಿಸಬೇಕು. ಅವರ ಆ ರಟ್ಟು ಹರಿದ ದಪ್ಪ ಇಂಗ್ಲಿಷ್ ಪುಸ್ತಕ ಕವಲುದಾರಿಗಳ ಪುಸ್ತಕ. ಹೀಗಿದ್ದರೆ ಈ ದಾರಿ ಹಿಡಿ, ಹಾಗಿದ್ದರೆ ಆ ದಾರಿ ಹಿಡಿ ಎಂದು ಹೇಳುತ್ತಾ ಹೋಗುತ್ತದೆ. ದಾರಿ ತಪ್ಪದಿದ್ದರೆ ಕೊನೆಗೆ ಒಂದು ಹೆಸರಿನ ಮನೆ ಬಾಗಿಲು ಸಿಗುತ್ತದೆ. ದಾರಿ ತಪ್ಪದೆಯೂ ಬಾಗಿಲು ಸಿಗದಿದ್ದರೆ, ಆ ಗಿಡ ಹೊಸದು.

ನಾನು ಎಡವುತ್ತಾ ಓದಿದೆ. ಅವರು ಕಣ್ಣಿಗೆ ಗಾಜು ಹಚ್ಚಿ ಉತ್ತರ ಹೇಳಿದರು. ದಳ ಮೂರು. ಕೇಸರ ಮೂರು. ಅವುಗಳ ನಡುನಡುವೆ ಇನ್ನೂ ಮೂರು, ಹುಡಿಯಿಲ್ಲದ ಬರಡು ಕೇಸರ, ತುದಿಗೆ ಗಡ್ಡದ ಹಾಗೆ ಕೂದಲು. ಪುಸ್ತಕದಲ್ಲೂ ಗಡ್ಡ ಎಂದೇ ಇತ್ತು. ನಾನು ನಕ್ಕೆ, ಅವರು ನಗಲಿಲ್ಲ. ಗೋತ್ರ ಸಿಕ್ಕಿತು. ಕ್ಸೈರಿಸ್. ಇನ್ನು ಹೆಸರು. ಮತ್ತೆ ಒಂದು ಕವಲು, ಇನ್ನೊಂದು ಕವಲು. ಅಲ್ಲಿ ಅವರು ನಿಂತುಬಿಟ್ಟರು. ಮತ್ತೆ ಓದಿ ಎಂದರು, ಓದಿದೆ. ಈ ಕಡೆಯೂ ಕೂಡುವುದಿಲ್ಲ, ಆ ಕಡೆಯೂ ಕೂಡುವುದಿಲ್ಲ ಎಂದರು.  ಕೊನೆಗೂ ಹೊಸದು ಸಿಕ್ಕಿತು ಎಂದು ನಾನು ಹಿಗ್ಗಿದೆ. ಅವರ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಸಂತೋಷದ ಮುಖವಲ್ಲ ಅದು.

ಬಿಸಿಲು ನೆತ್ತಿಗೆ ಬರುತ್ತಿತ್ತು. ಅಂಚಿನ ಹೂಗಳು ಆಗಲೇ ಸೊರಗತೊಡಗಿದ್ದವು. ಮೇಷ್ಟ್ರು ಮೊಣಕಾಲಿನಲ್ಲೇ ತೆವಳುತ್ತಾ ಇನ್ನೊಂದು ಗಿಡಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋದರು. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ನಿಂತು ಬಹಳ ಹೊತ್ತು ನೋಡಿದರು. ಮೊದಲಿನ ಹೂವಿನ ಪೊರೆಯನ್ನು ಹುಳ ತಿಂದಿತ್ತು, ಅದಕ್ಕೇ ಹೊಂದಿರಲಿಲ್ಲ. ಆ ಸಾಲು ಇನ್ನೊಮ್ಮೆ ಓದಿ ಎಂದರು. ಓದಿದೆ. "ಹೌದು" ಎಂದರು. ಮುಂದಿನದು ಓದಿದೆ. "ಹೌದು." ಆಮೇಲೆ ಪುಸ್ತಕದಲ್ಲಿ ಕವಲಿರಲಿಲ್ಲ, ಹೆಸರಿತ್ತು. ಇಂಡಿಕಾ. ಇನ್ನೂರು ವರ್ಷಗಳ ಹಿಂದೆಯೇ ಯಾರೋ ಇಟ್ಟ ಹೆಸರು. ಕೆಳಗೆ ಅದು ಬೆಳೆಯುವ ಜಾಗಗಳ ಸಾಲು: ಕರಾವಳಿ, ಕೇರಳ, ಸಿಂಹಳ, ಕಡಲಾಚೆಯ ಊರುಗಳು. ಓದುತ್ತಾ ಓದುತ್ತಾ ನನ್ನ ಧ್ವನಿ ಇಳಿಯಿತು. ಇಷ್ಟು ಪಾಡುಪಟ್ಟಿದ್ದು ಎಲ್ಲ ಕಡೆ ಸಿಗುವ ಒಂದು ಸಾಧಾರಣ ಗಿಡಕ್ಕಾಯಿತಲ್ಲ ಎಂದೆ.

ಮೇಷ್ಟ್ರು ಕೆಸರಿನಲ್ಲಿ ಹಾಗೇ ಕೂತುಬಿಟ್ಟಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಹೊಸದಾಗಿರಬಾರ್ದು ಅಂತ ನಾನು ಹರಕೆ ಹೊತ್ತಿದ್ದೆ ಪಂಡಿತ್ರೇ. ಹೊಸದು ಅಂದ್ರೆ ಇದೊಂದೇ ಬ್ಯಾಣ, ನೀರು ಬಂದ್ರೆ ಮುಗೀತು. ಇದಕ್ಕೆ ನೆಂಟರಿದಾರೆ. ಇದು ಅನಾಥ ಅಲ್ಲ. ತರ್ಪಣ ಬೇಡ ಇದಕ್ಕೆ."

ಊರಿಗೆ ಊರೇ, ನಾನೂ ಸೇರಿ, ಅವರ ಬಗ್ಗೆ ಎಷ್ಟು ಸಣ್ಣ ಲೆಕ್ಕ ಹಾಕಿದ್ದೆವು! ಆ ಹೂಗಳ ಮುಂದೆ ಬಂದದ್ದಕ್ಕಿಂತ ದೊಡ್ಡ ಬೆರಗು ಆ ಕೆಸರು ಮೆತ್ತಿದ ಮನುಷ್ಯನ ಮುಂದೆ ಬಂತು. ಹೆಸರು ಬರುವ ಅವಕಾಶ ತಪ್ಪಿತೆಂದು ಅಳುವವರನ್ನು ಕಂಡಿದ್ದೇನೆ. ತಪ್ಪಿತಲ್ಲ, ಸದ್ಯ ಎಂದು ಸಂತೋಷಕ್ಕೆ ಅತ್ತವರನ್ನು ನನ್ನ ಜನ್ಮದಲ್ಲಿ ಕಂಡದ್ದು ಅವರೊಬ್ಬರನ್ನೇ.

ವಾಪಸು ಬರುವಾಗ ಭೂತಗನ್ನಡಿಯ ಕೆಸರನ್ನು ಪಂಚೆಯಂಚಿನಿಂದ ಒರೆಸಿಕೊಟ್ಟೆ. ಅದನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಾ ಅವರು ತಾವಾಗಿಯೇ ಹೇಳಿದರು. ತುಂಗೆಯ ನೆರೆ ಇಳಿದ ಮೇಲೆ ಯಾರೋ ಅವರನ್ನು ಮಠದ ಜಗುಲಿಯ ಮೇಲೆ ತಂದು ಕೂರಿಸಿ ಹೋಗಿದ್ದರಂತೆ. ಹೆಸರು ಬಿಟ್ಟರೆ ಇನ್ನೇನೂ ಹೇಳಲು ಬಾರದ ವಯಸ್ಸು. ಉಪನಯನದ ದಿನ ಪುರೋಹಿತರು ಗೋತ್ರ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. "ಕಾಶ್ಯಪ ಅಂತ ಹಾಕಿ" ಎಂದಿತಂತೆ ಒಂದು ಧ್ವನಿ. ಇಷ್ಟು ಹೇಳಿ, ಅಂಗಿಯ ಕೊರಳು ಸರಿಮಾಡಿಕೊಂಡು, ಮಧ್ಯಾಹ್ನದ ಮೇಲಿನ ಪಾಠಕ್ಕೆ ಹೊತ್ತಾಯಿತೆಂದು ದಾಪುಗಾಲು ಹಾಕಿದರು. ರಜೆ ಪೂರ್ತಿ ದಿನದ್ದು ಎಂದು ನಾನು ಹಿಂದಿನಿಂದ ಕೂಗಿದ್ದು ಕೇಳಿಸಲಿಲ್ಲ.

ಮುಂದೆ ನೀರು ಬಂತು. ಬ್ಯಾಣ ಹೋಯಿತು. ನಾವಿಬ್ಬರೂ ಒಮ್ಮೆ ಹೋಗಿ ದಡದಲ್ಲಿ ನಿಂತು ನೋಡಿದೆವು.  ಆ ಮಳೆಗಾಲ ಮುಗಿದ ಮೇಲೆ ಮೇಷ್ಟ್ರು ಕುಂದಾಪುರದ ಕಡೆ ಗದ್ದೆಬಯಲು ತಿರುಗಿ ಬಂದು, ನೆಂಟರು ಸೌಖ್ಯ ಎಂದು ಟೀಚರ್ಸ್ ರೂಮಿನಲ್ಲಿ ವರದಿ ಕೊಟ್ಟರು. ಉಳಿದವರಿಗೆ ಅರ್ಥವಾಗಲಿಲ್ಲ.

ನಿವೃತ್ತರಾಗಿ ತೀರ್ಥಹಳ್ಳಿಗೆ ಹೋದರು. ಹೆಚ್ಚು ಕಾಲ ಇರಲಿಲ್ಲ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಠದವರು ಸಂಸ್ಕಾರ ಮುಗಿಸಿದ್ದರು. ಹತ್ತನೆಯ ದಿನದ ಕ್ರಿಯೆಗೆ ಮಾಡುವವರು ಯಾರೂ ಇಲ್ಲವೆಂದು ನಾನೇ ನಿಂತೆ. ತುಂಗೆಯ ಮೆಟ್ಟಿಲ ಮೇಲೆ ಕೂತ ಪುರೋಹಿತರು ಹೊಸಬರು, ಎಳೆಯ ವಯಸ್ಸು. ಹೆಸರು ಕೇಳಿದರು, ಹೇಳಿದೆ. ಗೋತ್ರ ಕೇಳಿದರು.

"ಕಾಶ್ಯಪ" ಎಂದೆ.

ಅವರು ದರ್ಭೆ ಸರಿಮಾಡುತ್ತಾ ನನ್ನ ಮುಖ ನೋಡಿದರು. "ಖಾತ್ರಿನಾ? ಗೊತ್ತಿಲ್ಲದ್ದಕ್ಕೆ ಹೇಳೂದಾ?"

ಖಾತ್ರಿ ಎಂದೆ. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಸಾಗರದ ಬಸ್ಸು ನಿಂತಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿತ್ತು, ಇಳಿದವರು ಮೆಟ್ಟಿಲಿಳಿದು ಬಂದರು. ಹಿಂದೆಯೇ ಹೊಸನಗರದ ಬಸ್ಸು. ಗೌಡರ ಮನೆಯವರು, ದೀವರ ಮನೆಯವರು, ಭಟ್ಟರ ಮನೆಯವರು. ಮುಳುಗಿದ ಊರುಗಳಿಂದ ಎದ್ದು ಎಲ್ಲೆಲ್ಲಿಗೋ ಹೋದ ಮನೆಯವರೂ ಇದ್ದರು. ಒಂದು ಕಾಲಕ್ಕೆ ತುಳಸಿ ಮನೆಯವ ಸಾರ್ ಎಂದು ಕೂಗಿದ್ದ ಹುಡುಗರು ಈಗ ಮೀಸೆ ಬಂದ ಗಂಡಸರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಒಬ್ಬರ ಹಿಂದೆ ಒಬ್ಬರು ಹೊಳೆಗಿಳಿದು ಬೊಗಸೆಯಲ್ಲಿ ನೀರು ಎತ್ತಿಕೊಂಡು ನಿಂತರು. ಸಾಲು ಮೆಟ್ಟಿಲಿನ ಮೇಲಿನವರೆಗೂ ಇತ್ತು.

ಪುರೋಹಿತರು ಮಂತ್ರ ನಿಲ್ಲಿಸಿದರು. "ಇವರೆಲ್ಲ ಎಂತ ಆಗ್ಬೇಕು ತೀರಿಕೊಂಡವರಿಗೆ?"

"ನೆಂಟರು" ಎಂದೆ.